ದುರ್ವಾಸನೆ ಮರದ ಮುಂಬಯಿ ನಂಟು

ನಮ್ಮ ಘಟ್ಟದ ಕನ್ನಡದಲ್ಲಿ ಅದು 'ದುರ್ವಾಸನೆ ಮರ'. ಇಲ್ಲಿ ಡೊಂಬಿವಲಿಯಲ್ಲಿ ಮರಾಠಿ ಸ್ನೇಹಿತರು ಹೇಳುವ ಹೆಸರು 'ನರಕ್ಯಾ'. ಎರಡೂ ಭಾಷೆಯವರಿಗೆ ಮೊದಲು ತಟ್ಟಿದ್ದು ಮೂಗಿಗೇ!

1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮನ್ಸುಖ್ ವಾನಿ ಅವರ ತಂಡ ಚೀನೀ ಮರವೊಂದರಿಂದ ಪಡೆದ ಕ್ಯಾಂಪ್ಟೊಥೆಸಿನ್ ರಚನೆಯನ್ನು ಪ್ರಕಟಿಸಿತು. 1972ರಲ್ಲಿ ಗೋರೆಗಾಂವ್‌ನ ಸಿಬಾ ಸಂಶೋಧನಾ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತು ನಮ್ಮ ನಾತದ ಮರದಲ್ಲೂ ಇದೆ, ಅದೂ ಹೆಚ್ಚು ಪ್ರಮಾಣದಲ್ಲಿ, ಎಂದು ತೋರಿಸಿದರು. ಲೋಕಲ್ ಟ್ರೈನು ದಿನವೂ ಮುಟ್ಟುವ ಊರಿನಲ್ಲಿ ನಡೆದ ಈ ಕೆಲಸ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅಷ್ಟರಲ್ಲಿ ಅಮೆರಿಕದ ಮೊದಲ ಪ್ರಯೋಗಗಳಲ್ಲಿ ರೋಗಿಗಳು ವಿಷಪರಿಣಾಮದಿಂದ ನರಳಿ, ಕೆಲಸ ನಿಂತಿತ್ತು. 1985ರಲ್ಲಿ ಗುಟ್ಟು ಬಿಚ್ಚಿಕೊಂಡಿತು. ಡಿಎನ್‌ಎಯ ಸಿಕ್ಕು ಬಿಡಿಸಲು ಒಂದು ಕಿಣ್ವ ಎಳೆಯನ್ನು ಕತ್ತರಿಸಿ ಮತ್ತೆ ಬೆಸೆಯುತ್ತದೆ. ಈ ವಸ್ತು ಆ ಬೆಸುಗೆಯನ್ನು ತಡೆಯುತ್ತದೆ. ಅಣುವನ್ನು ಮಾರ್ಪಡಿಸಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್‌ಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

"ಹಾಗಾದರೆ ತೊಗಟೆಯ ಕಷಾಯ ಕುಡಿದರಾಗದೇ?" ಎಂದು ಕೇಳುವವರಿದ್ದಾರೆ. ಆಗದು. ಔಷಧಿಯಾಗಲು ಮೂವತ್ತು ವರ್ಷ ಹಿಡಿದದ್ದು ಆ ವಿಷವನ್ನು ಪಳಗಿಸಲಿಕ್ಕೇ. ಮರಕ್ಕೆ ಮಾತ್ರ ಯಾರೂ ಅಷ್ಟು ಸಮಯ ಕೊಡಲಿಲ್ಲ. ಬೇಡಿಕೆ ಬಂದದ್ದೇ ತಡ, ಸಹ್ಯಾದ್ರಿಯಲ್ಲಿ ಕೊಡಲಿ ಬಿತ್ತು.