ಉಗ್ರಾಣಗಳಲ್ಲಿ ನಡಿಗೆಯ ಮಿತವ್ಯಯ

ಗಿರಾಕಿಯ ಬೇಡಿಕೆಯ ಪಟ್ಟಿಯನ್ನು ಹಿಡಿದು, ಕಪಾಟುಗಳ ನಡುವಣ ಓಣಿಗಳಲ್ಲಿ ಸಂಚರಿಸಿ, ಬೇಕಾದ ಸರಕನ್ನು ಆಯ್ದು ತರುವ ಆಳಿನ ಹೊತ್ತಿನಲ್ಲಿ ಸುಮಾರು ಅರ್ಧವು ಬರಿಯ ನಡಿಗೆಯಲ್ಲಿಯೇ ವ್ಯಯವಾಗುತ್ತದೆಂದೂ, ಉಗ್ರಾಣದ ನಿರ್ವಹಣಾವೆಚ್ಚದಲ್ಲಿ ಶೇಕಡ 55ರವರೆಗೂ ಈ ಆಯ್ಕೆಯ ಕಾರ್ಯಕ್ಕೆ ಸಲ್ಲುವುದುಂಟೆಂದೂ ಉಗ್ರಾಣ ನಿರ್ವಹಣಾಶಾಸ್ತ್ರದ ಗ್ರಂಥಗಳು ಅಂದಾಜು ಮಾಡುತ್ತವೆ.

1906ರಲ್ಲಿ ಷಿಕಾಗೋ ನಗರದಲ್ಲಿ ಸಿಯರ್ಸ್ ರೋಬಕ್ ಸಂಸ್ಥೆಯು ಅಂಚೆಯ ವ್ಯಾಪಾರಕ್ಕೆಂದು ತೆರೆದ ಬೃಹದ್ಭವನದಲ್ಲಿ, ಆಟೊ ಡೋರಿಂಗ್ ಎಂಬ ಅಧಿಕಾರಿಯು ಪ್ರತಿಯೊಂದು ಬೇಡಿಕೆಗೂ ಹದಿನೈದು ನಿಮಿಷದ ಅವಧಿಯನ್ನು ಗೊತ್ತುಮಾಡಿ, ಆಯಾ ವಿಭಾಗದವರು ತಮ್ಮ ಪಾಲಿನ ಸರಕನ್ನು ಅಷ್ಟರೊಳಗೆ ಜಾರುದಾರಿಗಳ ಮೂಲಕ ಒಂದೆಡೆಗೆ ಕಳುಹಿಸುವ ಏರ್ಪಾಡನ್ನು ರೂಢಿಗೆ ತಂದನು. ವೇಗವೇ ಅಲ್ಲಿ ಗುರಿ. ಒಬ್ಬನೇ ಆಳು ಕಟ್ಟಡವೆಲ್ಲ ಅಲೆಯುವ ಪ್ರಮೇಯ ತಪ್ಪಿದುದು ಆನುಷಂಗಿಕ ಫಲವೆನ್ನಬೇಕು.

ಸರಕಿನ ಸ್ಥಾನವನ್ನು ಕುರಿತ ವಿಚಾರ ಬಳಿಕ ಬಂದಿತು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಡಿಕಿ 1951ರಲ್ಲಿ ದಾಸ್ತಾನಿನ ಹಣದ ಲೆಕ್ಕಕ್ಕಾಗಿ ಪ್ರಚುರಪಡಿಸಿದ, ಸರಕನ್ನು ಮಹತ್ವಕ್ಕನುಗುಣವಾಗಿ ಮೂರು ದರ್ಜೆಗಳಾಗಿ ವಿಂಗಡಿಸುವ ಎ-ಬಿ-ಸಿ ವರ್ಗೀಕರಣವು ಕಾಲಕ್ರಮದಲ್ಲಿ ಕಪಾಟುಗಳ ಹಂಚಿಕೆಗೂ ಅನ್ವಯವಾಯಿತು. 1963ರಲ್ಲಿ ಜೇಮ್ಸ್ ಹೆಸ್ಕೆಟ್ ಎಂಬ ವಿದ್ವಾಂಸನು, ವಸ್ತುವು ಆಕ್ರಮಿಸುವ ಜಾಗವನ್ನು ಅದಕ್ಕೆ ಬರುವ ಬೇಡಿಕೆಗಳ ಸಂಖ್ಯೆಯಿಂದ ಭಾಗಿಸಿ, ಭಾಗಲಬ್ಧ ಕಡಮೆಯಾದುದನ್ನು ಬಾಗಿಲ ಹತ್ತಿರವಿಡತಕ್ಕುದೆಂದು ವಿಧಿಸಿದನು; ಪದೇ ಪದೇ ಬೇಕಾಗುವುದಾದರೂ ಗಾತ್ರದಲ್ಲಿ ದೊಡ್ಡದಾದ ಸರಕು ಹತ್ತಿರದ ಜಾಗವನ್ನೆಲ್ಲ ತಾನೇ ನುಂಗಬಾರದೆಂಬ ವಿವೇಕ ಇದರಲ್ಲಿದೆ.

ದಾರಿಯ ಪ್ರಶ್ನೆ ಇದಕ್ಕಿಂತ ಜಟಿಲ. ಅನೇಕ ಸ್ಥಳಗಳನ್ನು ಸಂದರ್ಶಿಸಿ ಹಿಂದಿರುಗುವ ಅತ್ಯಲ್ಪ ದೂರದ ಮಾರ್ಗವನ್ನು ಕಂಡುಹಿಡಿಯುವುದು ಗಣಿತಜ್ಞರನ್ನು ಬಹುಕಾಲ ಬಾಧಿಸಿದ ಸಮಸ್ಯೆ. ಸ್ಥಳಗಳು ಹೆಚ್ಚಿದಂತೆ ಲೆಕ್ಕವು ಎಟುಕದಷ್ಟು ಬೆಳೆಯುತ್ತದೆ. ಆದರೆ ಉಗ್ರಾಣದ ಆಳು ಮನಬಂದ ದಿಕ್ಕಿಗೆ ಹೋಗಲಾರನು, ಓಣಿಗಳಿಗೆ ಕಟ್ಟುಬಿದ್ದವನು. ಈ ನಿರ್ಬಂಧವನ್ನೇ ಸಾಧನವಾಗಿ ಮಾಡಿಕೊಂಡು ರ‍್ಯಾಟ್‌ಲಿಫ್ ಮತ್ತು ರೋಸೆಂತಾಲ್ 1983ರಲ್ಲಿ, ಓಣಿಗಳ ಎರಡು ತುದಿಗಳಲ್ಲಿ ಮಾತ್ರ ಅಡ್ಡದಾರಿಯಿರುವ ಆಯತಾಕಾರದ ಉಗ್ರಾಣದಲ್ಲಿ ಲೆಕ್ಕದ ಶ್ರಮವು ಓಣಿಗಳ ಸಂಖ್ಯೆಗೆ ಸರಿಯಾಗಿ ಮಾತ್ರ ಏರುವುದೆಂದು ತೋರಿಸಿದರು. 50 ಓಣಿಗಳ ಲೆಕ್ಕವನ್ನು ಅಂದಿನ ಮೈಕ್ರೊಕಂಪ್ಯೂಟರೇ ಸುಮಾರು ಒಂದು ನಿಮಿಷದಲ್ಲಿ ಬಿಡಿಸಿತು. ಇಷ್ಟಾದರೂ ಆ ಉತ್ತಮ ಮಾರ್ಗವು ಬಳಕೆಯಲ್ಲಿ ವ್ಯಾಪಕವಾಗಲಿಲ್ಲವೆಂಬುದು ಗಮನಾರ್ಹ. ಒಂದು ಓಣಿಯ ನಡುವಿನಿಂದ ಹಿಂದಿರುಗು, ಮುಂದಿನದನ್ನು ಪೂರ್ತಿ ದಾಟು ಎಂಬ ಅದರ ಆದೇಶಗಳು ಆಳಿಗೆ ಅಸಂಗತವಾಗಿ ತೋರುತ್ತವೆ. ಗಾಡಿಯನ್ನು ತಳ್ಳುತ್ತ ನಡೆಯುವವನಿಗೆ, ನೇಗಿಲು ಕಟ್ಟಿದ ಎತ್ತು ಸಾಲಿನಿಂದ ಸಾಲಿಗೆ ಹೊರಳುವಂತೆ, ಸರಕಿರುವ ಓಣಿಯೊಂದನ್ನು ಹೊಕ್ಕು ಮತ್ತೊಂದು ತುದಿಯಲ್ಲಿ ಹೊರಬೀಳುವ ಕ್ರಮವೇ ನೆನಪಿನಲ್ಲಿ ನಿಲ್ಲತಕ್ಕುದು. ದೂರ ಕೊಂಚ ಹೆಚ್ಚಾದರೂ ತಪ್ಪು ಕಡಮೆಯಾಗುವ ಈ ಪಕ್ಷಪಾತವನ್ನು ಅವಿವೇಕವೆನ್ನಲಾಗದು.

2009ರಲ್ಲಿ ಕೆವಿನ್ ಗೂ ಮತ್ತು ರಸೆಲ್ ಮೆಲ್ಲರ್ ಓಣಿಗಳು ಸಮಾನಾಂತರವಾಗಿಯೇ ಇರಬೇಕೆಂಬ ನಿಯಮವನ್ನೇ ಪ್ರಶ್ನಿಸಿ, ಮೀನಿನ ಮುಳ್ಳಿನಾಕಾರದ ವಿನ್ಯಾಸದಿಂದ ಸುಮಾರು ಶೇಕಡ 20ರಷ್ಟು ಸಂಚಾರ ಉಳಿಯುವುದೆಂದು ಗಣಿಸಿದರು. ಈ ಲಾಭವು ಒಮ್ಮೆಗೆ ಒಂದೇ ಸ್ಥಳಕ್ಕೆ ಹೋಗಿಬರುವ, ಇಡೀ ಹಲಗೆಯ ಸರಕನ್ನು ಫೋರ್ಕ್‌ಲಿಫ್ಟಿನಲ್ಲಿ ಸಾಗಿಸುವ ಉಗ್ರಾಣಗಳಿಗೆ ಸಂಬಂಧಿಸಿದ್ದು.

ನಡಿಗೆಯನ್ನೇ ತೊಡೆದುಹಾಕುವ ಯತ್ನ 2003ರಲ್ಲಿ ಮಿಕ್ ಮೌಂಟ್ಜ್ ಸ್ಥಾಪಿಸಿದ ಕೀವಾ ಸಿಸ್ಟಮ್ಸ್‌ನದು: ನಿಂತ ಆಳಿನ ಬಳಿಗೆ ಯಂತ್ರಗಳು ಕಪಾಟನ್ನೇ ಹೊತ್ತು ತಂದವು. 2012ರಲ್ಲಿ ಅಮೆಜಾನ್ 77.5 ಕೋಟಿ ಡಾಲರಿಗೆ ಅದನ್ನು ಕೊಂಡು, ಯಂತ್ರಗಳನ್ನು ತನ್ನ ಬಳಕೆಗೇ ಮೀಸಲಾಗಿಸಿತು. ಕೀವಾದ ಗಿರಾಕಿಯಾಗಿದ್ದ ಕ್ವಯಟ್ ಲಾಜಿಸ್ಟಿಕ್ಸ್ ಆಗ ಬದಲಿ ಮಾರ್ಗವನ್ನು ಅರಸಬೇಕಾಯಿತು. ಅದರಿಂದ ಹುಟ್ಟಿದ ಲೋಕಸ್ ರೊಬಾಟಿಕ್ಸ್‌ನ ಯಂತ್ರಗಳು ಕಪಾಟನ್ನು ಕದಲಿಸದೆ ಬುಟ್ಟಿಯನ್ನು ಹೊತ್ತು ಓಣಿಯಲ್ಲಿ ಕಾಯುತ್ತವೆ, ಸಮೀಪದ ಆಳು ನಾಲ್ಕು ಹೆಜ್ಜೆ ಬಂದು ಸರಕನ್ನು ಅದರಲ್ಲಿ ಇಡುತ್ತಾನೆ.