ಬೂಸಾ ಗಲಾಟೆ, ಸ್ಕಾಲರ್‌ಶಿಪ್ ಪಟ್ಟಿ ಮತ್ತು ಹಾಸ್ಟೆಲಿನ ಒಂದು ಕೋಣೆ

ಮೊನ್ನೆ ರಾತ್ರಿ ನನ್ನ ತಂಗಿಯ ಮಗಳು ಫೋನ್ ಮಾಡಿದ್ದಳು. ಮೈಸೂರಿನಲ್ಲೇ ಡಿಗ್ರಿ ಓದುತ್ತಿದ್ದಾಳೆ, ಕಾಲೇಜಿನ ಹೆಸರು ಬೇಡ ಬಿಡಿ. "ಮಾವ, ಎಷ್ಟು ಮಾರ್ಕ್ಸ್ ತೆಗೆದ್ರೂ ನಿಂಗೇನಮ್ಮ ಕೋಟಾ ಇದೆ ಅಂತಾರೆ. ಊಟಕ್ಕೆ ಕೂತ್ರೆ ಪಕ್ಕದಿಂದ ಎದ್ದು ಹೋಗ್ತಾರೆ. ನಿಮ್ಮ ಕಾಲದಲ್ಲೂ ಹಿಂಗೇ ಇತ್ತಾ? ನೀವೇನು ಮಾಡ್ತಿದ್ರಿ?" ಅಂದಳು.

ಏನು ಮಾಡುತ್ತಿದ್ದೆವು? ಫೋನ್ ಇಟ್ಟ ಮೇಲೆ ಬಹಳ ಹೊತ್ತು ಯೋಚಿಸಿದೆ. ಅವಳಿಗೆ ಕೊಡಬೇಕಾದ ಉತ್ತರ ನನ್ನೊಬ್ಬನ ಕಥೆಯಲ್ಲಿಲ್ಲ, ಈ ಊರಿನ ಚರಿತ್ರೆಯಲ್ಲಿದೆ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಚಾಮರಾಜನಗರದ ಕಡೆಯ ಹಳ್ಳಿಯಿಂದ ಒಂದು ತಗಡಿನ ಟ್ರಂಕು ಹಿಡಿದು ಮೈಸೂರಿಗೆ ಬಂದದ್ದು 1984ರಲ್ಲಿ. ಮೊದಲ ವರ್ಷವೇ ಒಂದು ದಿನ ಕಾಲೇಜಿನ ಗುಮಾಸ್ತರು ತರಗತಿಗೆ ಬಂದು ಜಿ.ಓ.ಐ. ಸ್ಕಾಲರ್‌ಶಿಪ್ ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಹೆಸರು, ಪಕ್ಕದಲ್ಲಿ ಜಾತಿ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ತಲೆ ಬಗ್ಗಿಸಿಕೊಂಡು ಹೋಗಿ ಸಹಿ ಹಾಕಿ ಬಂದೆ. ಮಾರನೇ ದಿನದಿಂದ ನನ್ನ ಬೆಂಚಿನಲ್ಲಿ ಜಾಗವೋ ಜಾಗ!

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರು ಕೂರಿಸಿಕೊಂಡು ಕೇಳಿದರು. "ಯಾಕ್ಲಾ ತಲೆ ಬಗ್ಗಿಸ್ಕಂಡು ಹೋದೆ? ಅದೇನು ಭಿಕ್ಷೆಯಾ? ಆ ದುಡ್ಡು ಹೆಂಗೆ ಬಂತು ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ಓದಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ. ಅಂಬೇಡ್ಕರ್ ಆಗ ವೈಸರಾಯ್ ಮಂಡಳಿಯ ಸದಸ್ಯರಾಗಿದ್ದರು. ಅದಕ್ಕಾಗಿ ಅವರು ಪಟ್ಟು ಹಿಡಿದಿದ್ದರು. ಕಾಲೇಜಿನ ಅವಮಾನ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1918ರಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿ ಸೇರಿದಾಗ, ಅಧ್ಯಾಪಕರ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳೇ ಆಕ್ಷೇಪಿಸಿದ್ದರು. ಕೊಲಂಬಿಯಾದಲ್ಲಿ ಓದಿ ಬಂದವರಿಗೇ ಆ ಗತಿ.

ಅಂಬೇಡ್ಕರ್ ಮಾಡಿದ ಇನ್ನೊಂದು ಕೆಲಸ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಅವರು ಹಾಸ್ಟೆಲುಗಳನ್ನು ತೆರೆದರು. 1925ರಲ್ಲಿ ಸೊಲ್ಲಾಪುರದಲ್ಲಿ, 1929ರಲ್ಲಿ ನಮ್ಮ ಧಾರವಾಡದಲ್ಲಿ. ಯಾಕೆ ಹಾಸ್ಟೆಲು? ಹಳ್ಳಿ ಹುಡುಗನಿಗೆ ಕಾಲೇಜಿನ ಬಾಗಿಲು ತೆರೆದರೆ ಸಾಲದು. ರಾತ್ರಿ ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು? ಜಾತಿ ಕೇಳಿ ಬಾಡಿಗೆ ಕೊಡುವ ಊರಿನಲ್ಲಿ ಕೋಣೆ ಯಾರು ಕೊಡುತ್ತಾರೆ?

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಮುಂದಿತ್ತು ಅನ್ನುತ್ತೇವೆ, ಸುಳ್ಳಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಬೇಕೆಂದು ಹೇಳಿತು. ಆದರೆ ಆದೇಶ ಬಾಗಿಲನ್ನು ಮಾತ್ರ ತೆರೆಯುತ್ತದೆ. ಒಳಗೆ ಬಂದವನ ಪಕ್ಕ ಕೂರುವವರು ಬೇಕಲ್ಲ?

ಆ ಕೊರತೆ ಬೀದಿಗೆ ಬಂದದ್ದು 1973ರಲ್ಲಿ. ಆ ವರ್ಷ ನವೆಂಬರ್‌ನಲ್ಲಿ ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಮಾತಾಡುತ್ತಾ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ದನಕ್ಕೆ ಹಾಕುವ ಬೂಸಾ! ದಲಿತ ಹುಡುಗರು ಇಂಗ್ಲಿಷ್ ಕಲಿಯಲಿ ಅನ್ನುವುದು ಅವರ ಕಾಳಜಿಯಾಗಿತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ಅವರ ಮಾತನ್ನು ಒಪ್ಪದಿರಬಹುದು, ವಾದ ಮಾಡಬಹುದು. ಆದರೆ ನಡೆದದ್ದು ವಾದವಲ್ಲ. ರಾಜೀನಾಮೆ ಕೊಡಬೇಕೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಮೈಸೂರು, ಬೆಂಗಳೂರು ಮುಂತಾದ ಕಡೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು. ಮಂತ್ರಿಯ ಮಾತಿಗೆ ಹಾಸ್ಟೆಲಿನ ಹುಡುಗರು ಹೊಡೆತ ತಿಂದರು. ಕೊನೆಗೆ ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ನಿನ್ನೆಯವರೆಗೂ ಜೊತೆಯಲ್ಲಿ ಕೂತಿದ್ದವನೇ ಕಲ್ಲೆಸೆದಾಗ ನಮ್ಮವರು ಯಾರು ಅನ್ನುವ ಪ್ರಶ್ನೆ ಎದ್ದಿತು. ಅವರು ಹಾಸ್ಟೆಲ್ ಕೋಣೆಗಳಲ್ಲಿ ಕೂತು ಮಾತಾಡಿದರು, ಓದಿದರು, ಬರೆದರು. 1974ರಲ್ಲಿ ಮೈಸೂರಿನಲ್ಲೇ ಬರಹಗಾರರ ಮತ್ತು ಕಲಾವಿದರ ಒಕ್ಕೂಟದ ಸಮ್ಮೇಳನ ನಡೆಯಿತು. ಬೇರೆ ಜಾತಿಗಳ ಬರಹಗಾರರೂ ಜೊತೆಗೆ ನಿಂತರು. 'ಪಂಚಮ' ಪತ್ರಿಕೆ ಬಂತು. ಆ ದಶಕದ ನಡುವಿನಲ್ಲಿ ಭದ್ರಾವತಿಯ ಕಾಲೇಜು ಮೇಷ್ಟ್ರು ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಎಲ್ಲರೂ ಅದರ ಜೊತೆಗಿದ್ದರು. ಬೂಸಾ ಅಂದದ್ದಕ್ಕೆ ಹೊಡೆತ ತಿಂದ ತಲೆಮಾರೇ ಕನ್ನಡ ಸಾಹಿತ್ಯಕ್ಕೆ ಹೊಸ ಕಾಳು ತುಂಬಿತು ನೋಡಿ.

ಇದನ್ನೆಲ್ಲ ನನಗೆ ಮೊದಲು ಹೇಳಿದ್ದು ಆ ಸೀನಿಯರ್. ಹೇಳಿ ಸುಮ್ಮನಾಗಲಿಲ್ಲ. ಒಂದು ಹಾಳೆ ಕೊಟ್ಟು "ಬರಿ" ಅಂದರು. ಪಟ್ಟಿಯನ್ನು ತರಗತಿಯಲ್ಲಿ ಓದಬಾರದು, ಕಚೇರಿಯಲ್ಲೇ ಸಹಿ ಮಾಡಿಸಿಕೊಳ್ಳಬೇಕು ಅಂತ ಪ್ರಿನ್ಸಿಪಾಲರಿಗೆ ಅರ್ಜಿ. ಹನ್ನೊಂದು ಜನ ಸಹಿ ಹಾಕಿದೆವು. ಅದರಲ್ಲಿ ಇಬ್ಬರು ನಮ್ಮ ಜಾತಿಯವರಲ್ಲ, ಅದನ್ನೂ ಹೇಳಬೇಕು. ಮುಂದಿನ ಕಂತಿನಿಂದ ಪಟ್ಟಿ ಓದುವುದು ನಿಂತಿತು. ಬೆಂಚಿನಲ್ಲಿ ಜಾಗ ಮಾತ್ರ ಹಾಗೇ ಇತ್ತು. ಆದರೆ ನಾನು ಬೆಂಚಿಗಾಗಿ ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದೆ, ಓದಿಗಾಗಿ ಹೋಗುತ್ತಿದ್ದೆ.

1994ರಲ್ಲಿ ಅರವಿಂದ ಮಾಲಗತ್ತಿಯವರ ಆತ್ಮಕಥನ 'ಗೌರ್ಮೆಂಟ್ ಬ್ರಾಹ್ಮಣ' ಬಂತು. ಸರ್ಕಾರದ ಸವಲತ್ತು ಪಡೆಯುವವರನ್ನು ಅಣಕಿಸುವ ಮಾತನ್ನೇ ಅವರು ಪುಸ್ತಕದ ಹೆಸರು ಮಾಡಿದ್ದರು. ಅದನ್ನು ಓದಿದಾಗ ನನ್ನ ಬೆಂಚು ನೆನಪಾಯಿತು. ಒಬ್ಬನೇ ನುಂಗಿಕೊಂಡರೆ ಅವಮಾನ, ನಾಲ್ಕು ಜನರೆದುರು ಹೇಳಿದರೆ ಅದು ಅವರ ಅವಮಾನ.

ಮರುದಿನ ತಂಗಿಯ ಮಗಳಿಗೆ ನಾನೇ ಫೋನ್ ಮಾಡಿದೆ. ಯಾರು, ಯಾವತ್ತು, ಏನಂದರು ಅಂತ ತಾರೀಖು ಹಾಕಿ ಬರೆದಿಡು ಅಂದೆ. ಪ್ರತಿ ಕಾಲೇಜಿನಲ್ಲೂ ತಾರತಮ್ಯದ ದೂರು ಕೇಳುವ ಅಧಿಕಾರಿ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ, ನಿಮ್ಮಲ್ಲಿ ಅದು ಯಾರು ಅಂತ ಕೇಳು ಅಂದೆ. ಎಲ್ಲಕ್ಕಿಂತ ಮುಂಚೆ, ನಿನ್ನ ಹಾಗೇ ಸುಮ್ಮನಿರುವ ಇನ್ನೊಬ್ಬಳನ್ನು ಹುಡುಕು ಅಂದೆ.

ನಿನ್ನೆ ಮೆಸೇಜ್ ಬಂತು. ಮೂವರು ಸಿಕ್ಕಿದ್ದಾರಂತೆ. ಅರ್ಜಿ ಇನ್ನೂ ಬರೆದಿಲ್ಲ. ಆದರೆ ಊಟಕ್ಕೆ ಈಗ ನಾಲ್ವರೂ ಒಟ್ಟಿಗೆ ಕೂರುತ್ತಾರಂತೆ.