ಸಿಂಹಾಸನದ ತೂಕ

ಮೊನ್ನೆ ಶ್ರೀರಂಗಪಟ್ಟಣದಲ್ಲಿ ಒಂದು ಗುಜರಿ ಅಂಗಡಿಯ ಮುಂದೆ ನಿಂತಿದ್ದೆ. ಒಬ್ಬಾತ ಹಳೆಯ ಕಾರಿನ ಎಂಜಿನನ್ನು ಬಿಚ್ಚುತ್ತಿದ್ದ. ಬೀಡಿನ ಭಾಗ ಒಂದು ಕಡೆ, ಅಲ್ಯೂಮಿನಿಯಮ್ಮಿನ ಪಿಸ್ಟನ್ನುಗಳು ಇನ್ನೊಂದು ಕಡೆ, ತಾಮ್ರ ಬೇರೆ. ಒಂದೊಂದಕ್ಕೆ ಒಂದೊಂದು ದರ. "ಇಡಿಯಾಗಿ ಮಾರುದ್ರೆ ಏನೂ ಗಿಟ್ಟಾಕಿಲ್ಲ ಸ್ವಾಮಿ, ಬಿಚ್ಚುದ್ರೇ ಕಾಸು" ಎಂದ.

ಆ ಮಾತು ನನ್ನನ್ನು 1799ಕ್ಕೆ ಕೊಂಡೊಯ್ಯಿತು. ಮೇ 4ರಂದು ಇಲ್ಲಿಯ ಕೋಟೆ ಬಿತ್ತು. ಟಿಪ್ಪು ಸುಲ್ತಾನ ಮಡಿದ. ಅವನ ಎಂಟು ಮೂಲೆಯ ಸಿಂಹಾಸನ ಮರದ್ದು. ಮೇಲೆಲ್ಲ ಬಂಗಾರದ ತಗಡು, ಕೆಳಗೆ ಆಸರೆಯಾಗಿ ಹುಲಿ, ಮೇಲ್ಕಟ್ಟಿನ ತುದಿಯಲ್ಲಿ ರತ್ನಖಚಿತ ಹುಮಾ ಪಕ್ಷಿ. ಅದನ್ನು ಇಡಿಯಾಗಿ ತಮ್ಮ ದೊರೆಗೆ ಒಪ್ಪಿಸಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಆಸೆಯಿತ್ತು. ಆದರೆ ಕೊಳ್ಳೆಯನ್ನು ಸೈನ್ಯಕ್ಕೆ ಹಂಚುವ ಅಧಿಕಾರಿಗಳು ಅಷ್ಟರಲ್ಲೇ ಒಡೆದುಬಿಟ್ಟಿದ್ದರು. ಪಾಲು ಹಾಕಲು ಅದೇ ಸುಲಭವಲ್ಲವೆ? ಹುಲಿಯ ತಲೆಯೂ ಹುಮಾ ಪಕ್ಷಿಯೂ ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ.

ಗುಜರಿಯವನನ್ನು ಅವರಿಗೆ ಹೋಲಿಸಿದರೆ ಅನ್ಯಾಯವಾದೀತು. ಅವನು ಬಿಚ್ಚಿದ್ದು ಓಡಲಾರದೆ ನಿಂತ ಎಂಜಿನನ್ನು. ಆ ಲೋಹ ಕುಲುಮೆಗೆ ಹೋಗಿ ಮತ್ತೆ ಬಳಕೆಗೆ ಬಂದೀತು. ಸಿಂಹಾಸನ ಕೆಟ್ಟಿರಲಿಲ್ಲ. ತಕ್ಕಡಿಗೆ ಸಿಕ್ಕಿದ್ದು ಚಿನ್ನ ಮಾತ್ರ. ಅದನ್ನು ಮಾಡಿದವರ ಕೈಕೆಲಸ ತೂಕಕ್ಕೆ ಬರಲಿಲ್ಲ.